ಖಾಲಿ ಮರಳುವ ಲಾರಿ ಮತ್ತು ಊರು ಬಿಡುವವರ ಲೆಕ್ಕ

ಪುಣೆಯ ವಾಕಡ್‌ನಿಂದ ಬೆಂಗಳೂರಿಗೆ ಎರಡು ಕೋಣೆಯ ಮನೆಯ ಸಾಮಾನು ಸಾಗಿಸಬೇಕೆಂದು ವಿಚಾರಿಸಿದರೆ ಒಂದು ದರ ಹೇಳುತ್ತಾರೆ. ಅಷ್ಟೇ ಸಾಮಾನನ್ನು ಅಷ್ಟೇ ದೊಡ್ಡ ಲಾರಿಯಲ್ಲಿ ಬೆಂಗಳೂರಿನಿಂದ ವಾಕಡ್‌ಗೆ ತರಿಸಬೇಕೆಂದರೆ ಹಲವು ಬಾರಿ ಬೇರೆಯೇ ದರ. ದೂರ ಅಷ್ಟೇ, ಹೆದ್ದಾರಿ ಅದೇ, ಟೋಲ್ ನಾಕಾಗಳೂ ಅವೇ. ಲಾರಿಗೆ ಬೇಕಾದ ಡೀಸೆಲ್ಲಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೂ ದರ ಎರಡು. ಈ ವ್ಯತ್ಯಾಸವನ್ನು ಓದಿ, ಯಾವ ಊರಿನಿಂದ ಯಾವ ಊರಿಗೆ ಜನ ಹೆಚ್ಚು ಹೋಗುತ್ತಿದ್ದಾರೆ ಎಂದು ಹೇಳಲು ಸಾಧ್ಯವೇ? ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞರು, ಪತ್ರಕರ್ತರು ಬಹುಕಾಲದಿಂದ ಹೀಗೆ ಓದುತ್ತಾ ಬಂದಿದ್ದಾರೆ. ಅಲ್ಲಿ ಅದು ಸಾಕಷ್ಟು ಫಲ ಕೊಟ್ಟಿದೆ. ಅದೇ ವಿಧಾನವನ್ನು ಮುಂಬೈ, ಪುಣೆ, ಗೋವಾಗಳಿಗೆ ಹಾಗೆಯೇ ತಂದರೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಇದು ಕುತೂಹಲಕ್ಕಾಗಿ ಮಾತ್ರ ಕೇಳುವ ಪ್ರಶ್ನೆಯಲ್ಲ. ನಮ್ಮಲ್ಲಿ ವಲಸೆಯ ಪೂರ್ಣ ಲೆಕ್ಕ ಸಿಗುವುದು ಜನಗಣತಿಯಿಂದ, ಕೊನೆಯ ಜನಗಣತಿ ನಡೆದದ್ದು 2011ರಲ್ಲಿ. ಅಲ್ಲಿಂದ ಈಚೆಗೆ ಪುಣೆಯ ಹಿಂಜವಡಿ, ಖರಾಡಿಗಳಲ್ಲಿ ಎಷ್ಟೋ ಹೊಸ ಬಡಾವಣೆಗಳು ಎದ್ದಿವೆ. ಅಲ್ಲಿ ಕಟ್ಟಡ ಕಟ್ಟಲು ಬಂದ ಯಾದಗಿರಿ, ಕಲಬುರಗಿಯ ಕುಟುಂಬಗಳು ಯಾವ ಹೊಸ ಪಟ್ಟಿಯಲ್ಲೂ ಕಾಣುವುದಿಲ್ಲ. ಶಾಲೆ, ಪಡಿತರ, ಬಸ್ಸು, ನೀರು, ಇವೆಲ್ಲದರ ಯೋಜನೆ ಹಳೆಯ ಅಂಕಿಗಳ ಮೇಲೆಯೇ ನಿಂತಿದೆ. ಬೇಗ ಸಿಗುವ ಅಳತೆಯೊಂದು ಬೇಕು ಎಂಬ ಹಂಬಲ ಸಹಜ.

ಅಮೆರಿಕದ ಲೆಕ್ಕ ಹೇಗೆ ನಡೆಯುತ್ತದೆ

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಲಿಯೊನಾರ್ಡ್ ಶೋಯೆನ್ ಮತ್ತು ಅವರ ಪತ್ನಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಯು-ಹಾಲ್ ಎಂಬ ಕಂಪನಿ ಶುರುಮಾಡಿದರು. ಒಂದೂರಿನಲ್ಲಿ ವಾಹನ ಬಾಡಿಗೆಗೆ ಪಡೆದು, ಸಾಮಾನನ್ನು ತಾವೇ ತುಂಬಿಕೊಂಡು, ತಾವೇ ಓಡಿಸಿಕೊಂಡು ಹೋಗಿ, ಇನ್ನೊಂದು ಊರಿನಲ್ಲಿರುವ ಅದೇ ಕಂಪನಿಯ ಅಂಗಳದಲ್ಲಿ ಬಿಟ್ಟು ಹೋಗಬಹುದು. ಚಾಲಕನಿಲ್ಲ, ಹಮಾಲರಿಲ್ಲ. ಮೂರು ಕೋಣೆಯ ಮನೆ ಖಾಲಿ ಮಾಡುವವರೂ ಅಲ್ಲಿ ಹೀಗೆ ಸ್ವತಃ ಸ್ಟೀರಿಂಗ್ ಹಿಡಿಯುವುದು ಸಾಮಾನ್ಯ.

ಬಿಟ್ಟು ಹೋದ ವಾಹನ ಎಲ್ಲಿ ನಿಲ್ಲುತ್ತದೆ ಎಂಬುದರಲ್ಲಿ ಇಡೀ ಮರ್ಮವಿದೆ. ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಹೋಗುವವರು ಹೆಚ್ಚು, ಬರುವವರು ಕಡಿಮೆ ಎಂದಾದರೆ ವಾಹನಗಳೆಲ್ಲ ಟೆಕ್ಸಾಸ್‌ನಲ್ಲಿ ಜಮೆಯಾಗುತ್ತವೆ, ಕ್ಯಾಲಿಫೋರ್ನಿಯಾದ ಅಂಗಳ ಬರಿದಾಗುತ್ತದೆ. ಕಂಪನಿಗೆ ಎರಡೇ ದಾರಿ. ಕೂಲಿ ಕೊಟ್ಟು ಖಾಲಿ ವಾಹನಗಳನ್ನು ಹಿಂದಕ್ಕೆ ತರಿಸಬೇಕು. ಇಲ್ಲವೇ ಟೆಕ್ಸಾಸ್‌ನಿಂದ ಬರುವವರಿಗೆ ದರ ಇಳಿಸಿ, ಗಿರಾಕಿಗಳೇ ವಾಹನವನ್ನು ಹಿಂದಕ್ಕೆ ಓಡಿಸಿಕೊಂಡು ಬರುವಂತೆ ಮಾಡಬೇಕು. ಹೋಗುವವರಿಂದ ಹೆಚ್ಚು ವಸೂಲು ಮಾಡಿ, ಬರುವವರಿಗೆ ರಿಯಾಯಿತಿ ಕೊಡುವುದು ಕಂಪನಿಗೆ ಲಾಭ. ಹೀಗಾಗಿ ಎರಡು ದಿಕ್ಕಿನ ದರಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಜನರ ಒಲವು ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್‌ನ ಅರ್ಥಶಾಸ್ತ್ರಜ್ಞ ಮಾರ್ಕ್ ಪೆರಿ ಈ ಹೋಲಿಕೆಯನ್ನು ಮತ್ತೆ ಮತ್ತೆ ಮಾಡಿ ಜನಪ್ರಿಯಗೊಳಿಸಿದರು. ಕ್ಯಾಲಿಫೋರ್ನಿಯಾ ಬಿಡುವ ದರ ಅಲ್ಲಿಗೆ ಮರಳುವ ದರಕ್ಕಿಂತ ಹಲವು ಪಟ್ಟು ಹೆಚ್ಚಿದ್ದ ಉದಾಹರಣೆಗಳನ್ನು ಅವರು ತೋರಿಸಿದರು.

ಈ ಅಳತೆಯ ದೊಡ್ಡ ಗುಣ ಅದರ ವೇಗ. ಅಮೆರಿಕದ ತೆರಿಗೆ ಇಲಾಖೆ ತೆರಿಗೆದಾರರ ವಿಳಾಸ ಬದಲಾವಣೆಯಿಂದ ವಲಸೆಯ ಅಂಕಿ ತೆಗೆಯುತ್ತದೆ. ಅದು ಬಹಳ ಖಚಿತ, ಆದರೆ ಪ್ರಕಟವಾಗುವ ಹೊತ್ತಿಗೆ ವಿಷಯ ಹಳತಾಗಿರುತ್ತದೆ. ಲಾರಿ ದರವಾದರೆ ಇವತ್ತೇ ಸಿಗುತ್ತದೆ. ಯಾರು ಬೇಕಾದರೂ ಎರಡು ಊರುಗಳ ಹೆಸರು ಹಾಕಿ ನೋಡಬಹುದು.

ಇಲ್ಲಿಯವರೆಗಿನದು ಹಲವರು ಬರೆದಿರುವ ಸಂಗತಿ. ಇದರ ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ದರ ಐದು ಪಟ್ಟು ಇದೆ, ಆದ್ದರಿಂದ ಹೋಗುವವರು ಬರುವವರ ಐದರಷ್ಟಿದ್ದಾರೆ ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಯಾಕೆ ತಪ್ಪು ಎಂಬುದನ್ನು ಕೂಡು ಕಳೆಯುವ ಲೆಕ್ಕದಲ್ಲೇ ನೋಡಬಹುದು.

ಕ ಮತ್ತು ಖ ಎಂಬ ಎರಡು ಊರುಗಳಿವೆ ಎಂದಿಟ್ಟುಕೊಳ್ಳಿ. ಇಲ್ಲಿಯ ಅಂಕಿಗಳೆಲ್ಲ ಲೆಕ್ಕ ತಿಳಿಯಲಿಕ್ಕಾಗಿ ಮಾತ್ರ. ಲಾರಿಯೊಂದು ಹೋಗಿ ಬರಲು ಎಲ್ಲ ಖರ್ಚು ಸೇರಿ 60 ಸಾವಿರ ರೂಪಾಯಿ. ಎರಡೂ ಕಡೆ ಸಮಾನ ಗಿರಾಕಿಗಳಿದ್ದರೆ ಪ್ರತಿಯೊಬ್ಬರೂ 30 ಸಾವಿರ ಕೊಟ್ಟರೆ ಸಾಕು, ಲೆಕ್ಕ ಸರಿಹೋಗುತ್ತದೆ. ಈಗ ಕ ಊರಿನಿಂದ ಖ ಊರಿಗೆ 13 ಕುಟುಂಬಗಳು ಹೊರಟಿವೆ, ಖ ಕಡೆಯಿಂದ ಕ ಕಡೆಗೆ ಸಾಮಾನು ಹೊತ್ತು ಬರುವವರು 8 ಮಾತ್ರ. ಮರಳುವಾಗ ಐದು ಲಾರಿ ಖಾಲಿ. ಖಾಲಿ ಬರುವ ಬದಲು ಸಿಕ್ಕಷ್ಟು ಬರಲಿ ಎಂದು ಲಾರಿಯವರು ಮರಳುವ ದರವನ್ನು ಇಳಿಸುತ್ತಾ ಹೋಗುತ್ತಾರೆ. ಅದು 10 ಸಾವಿರಕ್ಕೆ ಬಂದು ನಿಂತಿತು ಎನ್ನಿ. ಹೋಗಿಬರುವ ಖರ್ಚು 60 ಸಾವಿರ ಹುಟ್ಟಲೇಬೇಕಾದ್ದರಿಂದ ಹೋಗುವ ದರ 50 ಸಾವಿರಕ್ಕೆ ಏರುತ್ತದೆ. ಅಷ್ಟು ಕೊಡಲಾಗದ ಒಂದು ಕುಟುಂಬ ಮಂಚ, ಕಪಾಟು ಮಾರಿ ರೈಲು ಹತ್ತುತ್ತದೆ. ಇತ್ತ ಖ ಊರಿನಲ್ಲಿ ಸಾಮಾನು ಮಾರಿಯೇ ಹೊರಡುವುದೆಂದು ತೀರ್ಮಾನಿಸಿದ್ದ ನಾಲ್ಕು ಕುಟುಂಬಗಳು, ಇಷ್ಟು ಅಗ್ಗವಾದರೆ ತೆಗೆದುಕೊಂಡೇ ಹೋಗೋಣ ಎಂದು ಲಾರಿ ಹಿಡಿಯುತ್ತವೆ. ಕೊನೆಗೆ ಹೋದ ಲಾರಿ 12, ತುಂಬಿ ಬಂದ ಲಾರಿಯೂ 12.

ಈಗ ಏನಾಗಿದೆ ನೋಡಿ. ಲಾರಿಗಳನ್ನು ಎಣಿಸಿದವರಿಗೆ ಎರಡೂ ಕಡೆ ಸಮ, ವಲಸೆಯ ಒಲವೇ ಇಲ್ಲ. ದರ ನೋಡಿದವರಿಗೆ ಒಂದಕ್ಕೆ ಐದು. ನಿಜವಾಗಿ ಊರು ಬದಲಿಸಿದವರನ್ನು ಎಣಿಸಿದರೆ ಅತ್ತ 13, ಇತ್ತ 12. ಆ ನಾಲ್ಕು ಕುಟುಂಬಗಳು ಲಾರಿ ಅಗ್ಗವಾಯಿತೆಂದು ಊರು ಬಿಟ್ಟವರಲ್ಲ. ಅವರು ಹೇಗೂ ಬರುವವರೇ ಇದ್ದರು, ಸಾಮಾನು ಮಾತ್ರ ಹೊಸದಾಗಿ ಪ್ರಯಾಣ ಮಾಡಿತು. ಒಬ್ಬರ ವ್ಯತ್ಯಾಸ ದರದಲ್ಲಿ ಐದು ಪಟ್ಟಾಗಿ ಕಾಣಿಸಿತು.

ದರ ದಿಕ್ಕನ್ನು ಚೆನ್ನಾಗಿ ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ಎಣಿಕೆಯದೂ ಒಂದು ಮಿತಿಯಿದೆ, ಅದನ್ನು ಗಮನಿಸುವವರು ಕಡಿಮೆ. ಎರಡೂ ಕಡೆಯ ಲಾರಿಗಳನ್ನು ಸಮ ಮಾಡುವುದೇ ದರದ ಕೆಲಸ. ದರ ತನ್ನ ಕೆಲಸವನ್ನು ಚೆನ್ನಾಗಿ ಮಾಡಿದಷ್ಟೂ ಎಣಿಕೆಯಲ್ಲಿ ವ್ಯತ್ಯಾಸ ಅಳಿಸಿಹೋಗುತ್ತದೆ. ಯು-ಹಾಲ್ ಪ್ರತಿ ವರ್ಷ ತನ್ನ ಏಕಮುಖ ಬಾಡಿಗೆಗಳ ಲೆಕ್ಕದಿಂದ, ಹೋದ ವಾಹನಗಳಿಗಿಂತ ಬಂದ ವಾಹನಗಳು ಎಲ್ಲಿ ಹೆಚ್ಚು ಎಂಬ ರಾಜ್ಯಗಳ ಪಟ್ಟಿ ಹೊರಡಿಸುತ್ತದೆ. 2021, 2022, 2023ರಲ್ಲಿ ಟೆಕ್ಸಾಸ್ ಮೊದಲ ಸ್ಥಾನದಲ್ಲಿತ್ತು, 2024ರಲ್ಲಿ ಸೌತ್ ಕೆರೊಲಿನಾ. 2020ರಿಂದ 2024ರವರೆಗೆ ಸತತ ಐದು ವರ್ಷ ಕ್ಯಾಲಿಫೋರ್ನಿಯಾ ಕೊನೆಯ ಸ್ಥಾನದಲ್ಲಿತ್ತು. ಸುದ್ದಿಯಲ್ಲಿ ಇದು ಮಹಾವಲಸೆಯಂತೆ ಕೇಳಿಸುತ್ತದೆ. ಆದರೆ ಮೊದಲ ಸ್ಥಾನದ ಟೆಕ್ಸಾಸ್‌ನಲ್ಲೂ ಒಳಬಂದ ವಾಹನಗಳ ಪಾಲು ಒಟ್ಟು ಸಂಚಾರದ ಅರ್ಧಕ್ಕಿಂತ ತುಸುವೇ ಮೇಲೆ, ಶೇ. 50ರ ಆಸುಪಾಸಿನಲ್ಲೇ. ಕಂಪನಿಯೇ ತನ್ನ ಪಟ್ಟಿಯ ಜೊತೆಗೆ, ಈ ಅಂಕಿಗಳಿಗೂ ಜನಸಂಖ್ಯೆ ಅಥವಾ ಆರ್ಥಿಕ ಬೆಳವಣಿಗೆಗೂ ನೇರ ಸಂಬಂಧವಿಲ್ಲ ಎಂಬ ಎಚ್ಚರಿಕೆಯನ್ನು ಸೇರಿಸುತ್ತದೆ. ಆ ಸಾಲು ಸುದ್ದಿಯಲ್ಲಿ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ಟೊಮೆಟೊ ಹೊತ್ತ ಲಾರಿಯಲ್ಲಿ ಮನೆ ಸಾಮಾನು

ಈಗ ನಮ್ಮ ಕಡೆಗೆ ಬರೋಣ. ಬೆಳಗಾವಿಯಿಂದ ಪಣಜಿಗೆ ಚೋರ್ಲಾ ಘಾಟಿನ ದಾರಿಯಲ್ಲಿ ಹೋದರೆ ನೂರು ಚಿಲ್ಲರೆ ಕಿಲೋಮೀಟರ್. ಗೋವಾದ ಅಡುಗೆ ಮನೆಗಳಿಗೆ ಬೇಕಾದ ತರಕಾರಿಯ ದೊಡ್ಡ ಪಾಲು ಬರುವುದು ಬೆಳಗಾವಿಯಿಂದ. ಮಾಪುಸಾ, ಪಣಜಿ, ಮಡಗಾಂವ್ ಮಾರುಕಟ್ಟೆಗಳಲ್ಲಿ ಬೆಳಗಿನ ಜಾವ ಇಳಿಯುವ ಟೊಮೆಟೊ, ಎಲೆಕೋಸು, ಹಸಿಮೆಣಸಿನಕಾಯಿ ಘಾಟಿ ಇಳಿದು ಬಂದದ್ದು. ಸರಕು ಇಳಿಸಿದ ವಾಹನಗಳು ಮರಳುವುದು ಖಾಲಿ ಕ್ರೇಟುಗಳನ್ನು ಹೊತ್ತು. ಹೀಗಾಗಿ ಮಡಗಾಂವ್‌ನಲ್ಲಿ ಬಾಡಿಗೆ ಮನೆ ಬಿಟ್ಟು ಬೆಳಗಾವಿಗೆ ಮರಳುವ ಕುಟುಂಬಕ್ಕೆ ತರಕಾರಿಯವರ ಪರಿಚಯವಿದ್ದರೆ ಬಹಳ ಅಗ್ಗದಲ್ಲಿ ವಾಹನ ಸಿಗುತ್ತದೆ. ಬೆಳಗಾವಿಯಿಂದ ಮಡಗಾಂವ್‌ಗೆ ಹೊರಟವರಿಗೆ ಆ ಸೌಲಭ್ಯವಿಲ್ಲ. ತರಕಾರಿಗೆ ಸಿಗುವ ಪೂರ್ತಿ ಬಾಡಿಗೆಯನ್ನು ಅವರೂ ಕೊಡಬೇಕು.

ಅಮೆರಿಕದ ಕ್ರಮದಲ್ಲಿ ಈ ದರಗಳನ್ನು ಓದಿದರೆ, ಬೆಳಗಾವಿಯಿಂದ ಗೋವಾಕ್ಕೆ ಹೋಗಿ ನೆಲೆಸುವವರು ಬಹಳ, ಮರಳುವವರು ಕಡಿಮೆ ಎಂಬ ತೀರ್ಮಾನ ಹೊರಡುತ್ತದೆ. ಉತ್ತರ ಕರ್ನಾಟಕದ ಜನ ಗೋವಾಕ್ಕೆ ಹೋಗಿ ನೆಲೆಸುವುದು ನಿಜ. ವಾಸ್ಕೊದ ಬೈನಾ, ಜುವಾರಿನಗರಗಳಲ್ಲಿ ಬೀದಿಯ ಮಾತೇ ಕನ್ನಡ. ಆದರೆ ದರ ಹೇಳುತ್ತಿರುವುದು ಅವರ ಕಥೆಯನ್ನಲ್ಲ, ಟೊಮೆಟೊ ಕಥೆಯನ್ನು. ನಾಳೆ ಗೋವಾದಲ್ಲಿ ಕೂಲಿ ಸಿಗದೆ ಅರ್ಧ ಜುವಾರಿನಗರ ಊರಿಗೆ ಮರಳಿದರೂ ತರಕಾರಿ ಲಾರಿಗಳು ಹೀಗೆಯೇ ಓಡುತ್ತವೆ, ದರವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಅಮೆರಿಕಕ್ಕೂ ನಮಗೂ ಇರುವ ಮೂಲ ವ್ಯತ್ಯಾಸ ಇದು. ಯು-ಹಾಲ್ ವಾಹನ ಹೊರುವುದು ಬಹುಮಟ್ಟಿಗೆ ಮನೆ ಸಾಮಾನನ್ನೇ. ಅದರ ಅಂಗಳ ಬರಿದಾದರೆ ಬರಿದು ಮಾಡಿದವರು ಮನೆ ಬದಲಿಸಿದ ಜನರೇ. ನಮ್ಮಲ್ಲಿ ಊರಿಂದ ಊರಿಗೆ ಮನೆ ಸಾಗಿಸುವ ಲಾರಿ ಸಾಮಾನ್ಯ ಸರಕು ಲಾರಿಯೇ. ಪ್ಯಾಕರ್ಸ್ ಅಂಡ್ ಮೂವರ್ಸ್ ಎಂದು ಫಲಕ ಹಾಕಿಕೊಂಡವರಲ್ಲಿ ಎಷ್ಟೋ ಮಂದಿಗೆ ಸ್ವಂತ ಲಾರಿ ಇರುವುದಿಲ್ಲ. ಅವರು ಗಂಟುಕಟ್ಟುವ ಹುಡುಗರನ್ನು ಕಳುಹಿಸುತ್ತಾರೆ, ಲಾರಿಯನ್ನು ದಲ್ಲಾಳಿಯ ಮೂಲಕ ಮಾರುಕಟ್ಟೆಯಿಂದ ಹಿಡಿಯುತ್ತಾರೆ. ಆ ಮಾರುಕಟ್ಟೆಯ ದರವನ್ನು ನಿರ್ಧರಿಸುವುದು ಈರುಳ್ಳಿ, ಉಕ್ಕು, ಸಿಮೆಂಟು, ವಾಹನದ ಬಿಡಿಭಾಗ.

ಪಿಂಪ್ರಿ-ಚಿಂಚ್‌ವಾಡದ ನಿಗಡಿಯಲ್ಲಿ ಟ್ರಾನ್ಸ್‌ಪೋರ್ಟ್ ನಗರಿ ಇದೆ. ಸಾಲುಸಾಲು ಬುಕಿಂಗ್ ಕಚೇರಿಗಳು, ಗ್ಯಾರೇಜುಗಳು, ಚಹಾದಂಗಡಿಗಳು. ಕೆಎ ನೋಂದಣಿಯ ಲಾರಿಗಳು ಅಲ್ಲಿ ಯಾವಾಗಲೂ ಕಾಣಸಿಗುತ್ತವೆ, ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಹುಬ್ಬಳ್ಳಿ ಕಡೆಯ ಚಾಲಕರೊಬ್ಬರು ಒಮ್ಮೆ ಬೆಂಗಳೂರಿಗೆ ಹೊರಟಿದ್ದ ತಮ್ಮ ಲಾರಿಯ ಹಿಂಬಾಗಿಲು ತೆರೆದು ತೋರಿಸಿದರು. ಮುಂದಿನ ಅರ್ಧದಲ್ಲಿ ಕಾರ್ಖಾನೆಯ ಮಾಲಿನ ರಟ್ಟಿನ ಪೆಟ್ಟಿಗೆಗಳು ಚಾವಣಿಯವರೆಗೆ. ಅದರ ಹಿಂದೆ ಪ್ಲೈವುಡ್ ಹಲಗೆ ನಿಲ್ಲಿಸಿ ಹಗ್ಗ ಬಿಗಿದಿದ್ದರು. ಹಲಗೆಯ ಈಚೆ ಯಾರದೋ ಸಂಸಾರ: ಕಂಬಳಿ ಸುತ್ತಿದ ಬಟ್ಟೆ ಒಗೆಯುವ ಯಂತ್ರ, ಕಾಲು ಕಳಚಿದ ಮಂಚ, ಮಗುವಿನ ಮೂರು ಗಾಲಿ ಸೈಕಲ್, ತುಳಸಿ ಕಟ್ಟೆ. ಈ ಸಾಮಾನಿಗೆ ಬಾಡಿಗೆ ಎಷ್ಟೆಂದು ಹೇಗೆ ನಿಶ್ಚಯಿಸುತ್ತೀರಿ ಅಣ್ಣಾ ಎಂದು ಕೇಳಿದೆ. "ಪೆಟ್ಟಿಗೆಯವರು ಕೊಡುವುದರಲ್ಲಿ ಡೀಸೆಲ್, ಟೋಲ್ ಹೊರಟು ಹೋಗುತ್ತದೆ. ಉಳಿದ ಜಾಗ ಖಾಲಿ ಹೋಗುವುದಕ್ಕಿಂತ ಇದು ಒಳ್ಳೆಯದು. ಅಲ್ಲಿಂದ ವಾಪಸ್ ಲೋಡ್ ಸಿಗುತ್ತದೋ ಇಲ್ಲವೋ ಎಂಬುದನ್ನು ನೋಡಿ ರೇಟ್ ಹೇಳುತ್ತೇನೆ" ಎಂದರು. ಸಾಗಣೆಯ ಅರ್ಥಶಾಸ್ತ್ರ ಪೂರ್ತಿ ಆ ಮೂರು ಮಾತಿನಲ್ಲಿದೆ. ಆ ಸಂಸಾರ ತೆತ್ತ ಬಾಡಿಗೆಯಲ್ಲಿ ಬೆಂಗಳೂರಿನ ಕಡೆಗೆ ಎಷ್ಟು ಜನ ಹೊರಟಿದ್ದಾರೆ ಎಂಬ ಮಾಹಿತಿ ಬಹುತೇಕ ಇಲ್ಲ. ಪೆಟ್ಟಿಗೆಯ ಮಾಲು ಯಾವ ಕಡೆ ಹೆಚ್ಚು ಹರಿಯುತ್ತಿದೆ ಎಂಬುದು ಮಾತ್ರ ಇದೆ.

ಇದೇ ತರ್ಕ ಸಮುದ್ರದ ಮೇಲೂ ನಡೆಯುತ್ತದೆ. 2021ರಲ್ಲಿ ಚೀನಾದಿಂದ ಅಮೆರಿಕಕ್ಕೆ ಕಂಟೇನರ್ ದರ ಗಗನಕ್ಕೇರಿತ್ತು, ಮರಳುವ ದರ ಅದರ ಸಣ್ಣ ಪಾಲು. ಹಡಗು ಕಂಪನಿಗಳು ಖಾಲಿ ಕಂಟೇನರ್‌ಗಳನ್ನು ತರಾತುರಿಯಲ್ಲಿ ಚೀನಾಕ್ಕೆ ಸಾಗಿಸಿದ್ದರಿಂದ ನಮ್ಮ ರಫ್ತುದಾರರಿಗೆ ಕಂಟೇನರ್ ಸಿಗದೆ ತೊಂದರೆಯಾಯಿತು. ಆ ದರದಿಂದ ಚೀನೀಯರು ಅಮೆರಿಕಕ್ಕೆ ವಲಸೆ ಹೋಗುತ್ತಿದ್ದಾರೆಂದು ಯಾರೂ ಹೇಳಲಿಲ್ಲ.

ಹಾಗಾದರೆ ದರ ಬಿಟ್ಟು, ಮನೆ ಸಾಮಾನಿನ ಲಾರಿಗಳನ್ನೇ ಸರ್ಕಾರಿ ದಾಖಲೆಯಿಂದ ಎಣಿಸಬಹುದಲ್ಲವೇ? ಜಿಎಸ್‌ಟಿ ಬಂದ ಮೇಲೆ, 2018ರ ಏಪ್ರಿಲ್ 1ರಿಂದ, ಅಂತರರಾಜ್ಯ ಸರಕಿಗೆ ಇ-ವೇ ಬಿಲ್ ಕಡ್ಡಾಯವಾಗಿದೆ. 50 ಸಾವಿರ ರೂಪಾಯಿಗಿಂತ ಹೆಚ್ಚಿನ ಮೌಲ್ಯದ ಮಾಲು ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಗಣಕದಲ್ಲಿ ದಾಖಲಾಗುತ್ತದೆ. ಇಷ್ಟು ಸೊಗಸಾದ ದಾಖಲೆ ಬೇರೆ ದೇಶಗಳಲ್ಲಿ ಅಪರೂಪ. ಆದರೆ ಬಳಸಿದ ಮನೆ ಸಾಮಾನಿಗೆ ಈ ನಿಯಮದಿಂದ ವಿನಾಯಿತಿ ಇದೆ. ವಿನಾಯಿತಿ ನ್ಯಾಯವಾದದ್ದೇ, ಹಳೆಯ ಮಂಚಕ್ಕೆ ಯಾರೂ ಬಿಲ್ ಬರೆಸಬೇಕಾಗಬಾರದು. ಆದರೆ ನಮಗೆ ಬೇಕಾದ ಲೆಕ್ಕ ಮಾತ್ರ ಆ ರಾಶಿಯಿಂದ ಹೊರಗುಳಿಯಿತು.

ಲಾರಿ ಹತ್ತದ ವಲಸೆ

ಇನ್ನೂ ದೊಡ್ಡ ತೊಡಕು ಬೇರೆಯೇ ಇದೆ. ನನ್ನನ್ನು ಹೆಚ್ಚು ಕಾಡುವುದೂ ಅದೇ. ಲಾರಿ ಬಾಡಿಗೆಗೆ ಪಡೆಯುವವರು ಯಾರು? ಸಾಗಿಸಲು ಯೋಗ್ಯವಾದ ಸಾಮಾನಿರುವವರು. ಸಾಫ್ಟ್‌ವೇರ್ ಉದ್ಯೋಗಿ, ಬ್ಯಾಂಕಿನ ವರ್ಗಾವಣೆಯವರು, ಸೈನ್ಯದವರು, ನಿವೃತ್ತಿಯಾಗಿ ಊರಿಗೆ ಮರಳುವವರು. ಮುಂಬೈಯನ್ನು ಕಟ್ಟಿದ ಕನ್ನಡಿಗರ ದೊಡ್ಡ ಪಾಲು ಹೀಗೆ ಬಂದದ್ದಲ್ಲ. ಉಡುಪಿ, ಕುಂದಾಪುರ, ಕಾರ್ಕಳದಿಂದ ಮಾಟುಂಗಾ, ಫೋರ್ಟ್ ಕಡೆಯ ಹೋಟೆಲುಗಳಿಗೆ ಬಂದ ಹುಡುಗರ ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ ಇರುತ್ತಿತ್ತು. ಹಗಲು ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಆ ವಲಸೆ ಯಾವ ಸಾಗಣೆ ಕಚೇರಿಯ ರಸೀದಿಯಲ್ಲೂ ಇಲ್ಲ. ಇವತ್ತು ಪುಣೆಯ ಕಟ್ಟಡಗಳ ಕೆಳಗೆ ತಗಡಿನ ಗುಡಿಸಲಲ್ಲಿ ಇರುವ ಯಾದಗಿರಿ, ವಿಜಯಪುರದ ಸಂಸಾರಗಳೂ ಹಾಗೆಯೇ. ಎರಡು ಚೀಲ, ಒಂದು ಕೊಡ, ಕಂಕುಳಲ್ಲಿ ಮಗು. ಸೊಲ್ಲಾಪುರದ ಮೇಲೆ ಬರುವ ರೈಲಿನ ಸಾಮಾನ್ಯ ಬೋಗಿಯೇ ಅವರ ವಾಹನ.

2020ರ ಬೇಸಿಗೆಯನ್ನು ನೆನೆಯಿರಿ. ಮಾರ್ಚ್ 25ರಿಂದ ಲಾಕ್‌ಡೌನ್. ಮುಂಬೈ, ಪುಣೆಗಳಿಂದ ಜನ ನಡೆದೇ ಹೊರಟರು, ಮೇ 1ರಿಂದ ಶ್ರಮಿಕ ವಿಶೇಷ ರೈಲುಗಳು ಓಡಿದವು. ದೇಶ ವಿಭಜನೆಯ ನಂತರ ನಾವು ಕಂಡ ಅತಿ ದೊಡ್ಡ ಜನಸಂಚಾರಗಳಲ್ಲಿ ಅದೊಂದು. ಮನೆ ಸಾಗಿಸುವ ಲಾರಿಯ ದರಪಟ್ಟಿಯಲ್ಲಿ ಹುಡುಕಿದರೆ ಅದರ ಗುರುತೂ ಸಿಗುವುದಿಲ್ಲ. ಸರಕು ಇಳಿಸಿ ಮರಳುವ ಲಾರಿಗಳಲ್ಲಿ ಎಷ್ಟೋ ಮಂದಿ ಕುಳಿತು ಹೋದರು ನಿಜ, ಆದರೆ ಸರಕಾಗಿ ಅಲ್ಲ, ಗಿರಾಕಿಗಳಾಗಿಯೂ ಅಲ್ಲ. ಒಂದು ಅಳತೆ ಇಷ್ಟು ದೊಡ್ಡದನ್ನು ಕಾಣದಿದ್ದರೆ ಅದನ್ನು ವಲಸೆಯ ಅಳತೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅದು ಮಧ್ಯಮವರ್ಗದ ಮನೆ ಬದಲಾವಣೆಯ ಅಳತೆ. ಹಾಗೆಂದೇ ಕರೆದರೆ ಅದಕ್ಕೂ ಬೆಲೆಯಿದೆ.

ಆದರೆ ಅಮೆರಿಕದವರು ಕಲಿಸಿದ ಲೆಕ್ಕದ ಬುದ್ಧಿಯನ್ನು ಬಿಡಬೇಕಾಗಿಲ್ಲ. ಹೋಗುವುದನ್ನೂ ಬರುವುದನ್ನೂ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ತೆಗೆಯುವುದು ಆ ಬುದ್ಧಿ. ಅದನ್ನು ಸರಿಯಾದ ವಾಹನಕ್ಕೆ ಅನ್ವಯಿಸಬೇಕು, ಅಷ್ಟೇ. ನಮ್ಮಲ್ಲಿ ಅದನ್ನು ಮಾಡಿಯೂ ಇದ್ದಾರೆ. 2016-17ರ ಆರ್ಥಿಕ ಸಮೀಕ್ಷೆಯಲ್ಲಿ, ಅರವಿಂದ ಸುಬ್ರಮಣಿಯನ್ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದಾಗ, ರೈಲ್ವೆಯ ಕಾಯ್ದಿರಿಸದ ಟಿಕೆಟುಗಳ ಲೆಕ್ಕವನ್ನು ಮೊದಲ ಬಾರಿ ವಲಸೆಗೆ ಬಳಸಿದರು. ಕೂಲಿಗೆ ಹೋಗುವವರು ತಿಂಗಳ ಮೊದಲೇ ಸೀಟು ಕಾಯ್ದಿರಿಸುವುದಿಲ್ಲ, ಸಾಮಾನ್ಯ ಬೋಗಿಯಲ್ಲೇ ಹೋಗುತ್ತಾರೆ. ಹೋದವರೆಲ್ಲ ಮರಳಿದ್ದರೆ ಎರಡೂ ದಿಕ್ಕಿನ ಟಿಕೆಟುಗಳು ಸಮವಾಗುತ್ತವೆ. ಸಮವಾಗದೆ ಉಳಿದದ್ದು ಅಲ್ಲೇ ಉಳಿದವರ ಸುಳಿವು. 2011ರಿಂದ 2016ರ ನಡುವೆ ರಾಜ್ಯಗಳ ನಡುವೆ ವರ್ಷಕ್ಕೆ ಸರಾಸರಿ 90 ಲಕ್ಷದಷ್ಟು ಜನ ವಲಸೆ ಹೋಗುತ್ತಿದ್ದಾರೆ ಎಂದು ಆ ಸಮೀಕ್ಷೆ ಅಂದಾಜು ಮಾಡಿತು. ಅದುವರೆಗೆ ನಂಬಿದ್ದಕ್ಕಿಂತ ಬಹಳ ಹೆಚ್ಚು. ಮಹಾರಾಷ್ಟ್ರ, ಗೋವಾ, ತಮಿಳುನಾಡುಗಳು ಜನರನ್ನು ಒಳಗೆಳೆದುಕೊಳ್ಳುವ ಪ್ರಮುಖ ರಾಜ್ಯಗಳಾಗಿ ಕಾಣಿಸಿದವು.

2024ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯಿಂದ ಇನ್ನೊಂದು ಅಧ್ಯಯನ ಹೊರಬಂತು. ಬಿಬೇಕ್ ದೇಬರಾಯ್ ಮತ್ತು ದೇವಿಪ್ರಸಾದ್ ಮಿಶ್ರಾ ಅದನ್ನು ಬರೆದವರು. ಕಾಯ್ದಿರಿಸದ ಟಿಕೆಟುಗಳ ಜೊತೆಗೆ ಮೊಬೈಲ್ ರೋಮಿಂಗ್ ಅಂಕಿಗಳನ್ನೂ ಬ್ಯಾಂಕ್ ಮೂಲಕ ಊರಿಗೆ ಕಳುಹಿಸುವ ಹಣದ ಅಂಕಿಗಳನ್ನೂ ಅವರು ಬಳಸಿಕೊಂಡರು. ಅವರ ಅಂದಾಜು 2016-17ರದ್ದಕ್ಕೆ ಎದುರು ದಿಕ್ಕಿನದು. 2011ರಲ್ಲಿ ದೇಶದಲ್ಲಿ ಒಟ್ಟು 45.57 ಕೋಟಿ ಇದ್ದ ವಲಸಿಗರ ಸಂಖ್ಯೆ 2023ರ ಹೊತ್ತಿಗೆ 40.20 ಕೋಟಿಗೆ ಇಳಿದಿದೆ, ಅಂದರೆ ಶೇ. 11.78ರಷ್ಟು ಕಡಿಮೆ ಎಂದು ಅವರು ಹೇಳಿದರು. ಸಣ್ಣ ಊರುಗಳಲ್ಲೇ ಸೌಕರ್ಯ, ಉದ್ಯೋಗ ಹೆಚ್ಚಿದ್ದು ಕಾರಣವಿರಬಹುದು ಎಂಬುದು ಅವರ ಊಹೆ. ಅದನ್ನು ಒಪ್ಪದವರೂ ಇದ್ದಾರೆ. ರೈಲು ಬಿಟ್ಟು ಬಸ್ಸು ಹಿಡಿದವರು ಟಿಕೆಟ್ ಲೆಕ್ಕದಿಂದ ಜಾರಿಹೋಗುತ್ತಾರೆ. ಕರಾವಳಿಯಿಂದ ಮುಂಬೈಗೆ, ಕಲಬುರಗಿಯಿಂದ ಪುಣೆಗೆ ಪ್ರತಿ ರಾತ್ರಿ ಹೊರಡುವ ಖಾಸಗಿ ಬಸ್ಸುಗಳನ್ನು ಕಂಡವರಿಗೆ ಈ ಸಂದೇಹ ಬಾರದೆ ಇರದು.

ಇಲ್ಲೊಂದು ಗೊಂದಲವನ್ನೂ ಬಿಡಿಸಿಬಿಡಬೇಕು, ಮಹಾರಾಷ್ಟ್ರದ ನಮ್ಮ ಕನ್ನಡ ಸಂಘಗಳ ಸಭೆಗಳಲ್ಲಿ ಅದು ಪದೇ ಪದೇ ಬರುತ್ತದೆ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡ ತಾಯ್ನುಡಿಯವರು ಸುಮಾರು 10 ಲಕ್ಷ. ಇದನ್ನು ಇಲ್ಲಿಗೆ ವಲಸೆ ಬಂದ ಕನ್ನಡಿಗರ ಸಂಖ್ಯೆ ಎಂದು ಹೇಳುವುದುಂಟು. ಅಲ್ಲ. ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜದ ಕನ್ನಡಿಗರು ಎಲ್ಲಿಂದಲೂ ಬಂದವರಲ್ಲ. ಅವರು ಅಲ್ಲಿಯವರೇ. ಮುಂಬೈಯಲ್ಲಿ ಹುಟ್ಟಿದ ಮೂರನೇ ತಲೆಮಾರಿನವರೂ ಜನಗಣತಿಯ ಲೆಕ್ಕದಲ್ಲಿ ವಲಸಿಗರಲ್ಲ. ಅತ್ತ ಧಾರವಾಡದಿಂದ ಬಂದ ಮರಾಠಿ ಮನೆಮಾತಿನ ಕುಟುಂಬ ವಲಸಿಗರ ಪಟ್ಟಿಗೆ ಸೇರುತ್ತದೆ.

ಲಾರಿ ದರವನ್ನೇ ಬಳಸಿ ಪುಣೆ–ಬೆಂಗಳೂರು ನಡುವಿನ ಮಧ್ಯಮವರ್ಗದ ಓಡಾಟವನ್ನು ಅಳೆಯುವ ಆಸಕ್ತಿ ಯಾರಿಗಾದರೂ ಇದ್ದರೆ, ಅದನ್ನು ಸ್ವಲ್ಪವಾದರೂ ನಂಬುವಂತೆ ಮಾಡಬಹುದು. ಒಬ್ಬನೇ ಸಾಗಣೆದಾರನಿಂದ, ಒಂದೇ ದಿನ, ಅಷ್ಟೇ ಸಾಮಾನಿಗೆ, ಎರಡೂ ದಿಕ್ಕಿನ ದರ ಕೇಳಬೇಕು. ಗಂಟು ಕಟ್ಟುವ ಖರ್ಚು, ಲಿಫ್ಟ್ ಇಲ್ಲದ ಮಹಡಿಯ ಹಮಾಲಿ, ವಿಮೆ, ಜಿಎಸ್‌ಟಿ ಇವನ್ನು ಕಳೆದು ಬರೀ ಲಾರಿ ಬಾಡಿಗೆ ಉಳಿಸಿಕೊಳ್ಳಬೇಕು. ಆಮೇಲೆ ಬಹಳ ಮುಖ್ಯವಾದದ್ದು: ಅದೇ ದಿನ ಅದೇ ಹಾದಿಯಲ್ಲಿ ಸಾಮಾನ್ಯ ಸರಕಿಗೆ ಎರಡು ದಿಕ್ಕಿನಲ್ಲಿ ಎಷ್ಟು ಬಾಡಿಗೆ ಇದೆ ಎಂದು ಬುಕಿಂಗ್ ಕಚೇರಿಯಲ್ಲಿ ವಿಚಾರಿಸಬೇಕು. ಸರಕಿನ ದರದಲ್ಲಿ ಎರಡು ದಿಕ್ಕಿನ ನಡುವೆ ಇರುವ ಓರೆಯನ್ನು ಮನೆ ಸಾಮಾನಿನ ದರದ ಓರೆಯಿಂದ ಕಳೆದ ಮೇಲೆ ಏನಾದರೂ ಉಳಿದರೆ, ಅದು ಜನರಿಗೆ ಸಂಬಂಧಿಸಿದ್ದಾಗಿರಬಹುದು. ಇದನ್ನು ವರ್ಷವಿಡೀ ಮಾಡಬೇಕು. ಮೇ ಕೊನೆಯಲ್ಲಿ ಶಾಲೆ ಶುರುವಾಗುವ ಮುಂಚೆ ಮನೆ ಬದಲಿಸುವವರ ನೂಕುನುಗ್ಗಲು. ದೀಪಾವಳಿಗೆ ಚಾಲಕರು ಊರಿಗೆ ಹೋಗಿ ಲಾರಿಗಳೇ ಸಿಗುವುದಿಲ್ಲ. ಒಂದು ತಿಂಗಳ ದರವನ್ನು ಇನ್ನೊಂದು ತಿಂಗಳಿನ ಜೊತೆ ಹೋಲಿಸಿದರೆ ಋತುಮಾನವನ್ನು ವಲಸೆ ಎಂದು ಓದಿಬಿಡುವ ಅಪಾಯವಿದೆ. ಈ ಮೇ ದರವನ್ನು ಕಳೆದ ಮೇ ದರದ ಜೊತೆ ಇಡಬೇಕು.

ಮಹಾರಾಷ್ಟ್ರದಲ್ಲಿ ಇದಕ್ಕಿಂತ ಒಳ್ಳೆಯ ದಾಖಲೆಯೂ ಒಂದಿದೆ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಇಲ್ಲಿ ಮನೆ ಬಾಡಿಗೆಯ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸಲೇಬೇಕು. ಬಾಡಿಗೆಗೆ ಬರುವವರ ಶಾಶ್ವತ ವಿಳಾಸ ಆ ಕರಾರಿನಲ್ಲಿ ಇರುತ್ತದೆ. ಹೆಸರು ಅಳಿಸಿ, ಯಾವ ಜಿಲ್ಲೆಯಿಂದ ಯಾವ ಬಡಾವಣೆಗೆ ಎಷ್ಟು ಕರಾರು ಎಂಬುದನ್ನಷ್ಟೇ ತಿಂಗಳು ತಿಂಗಳು ಪ್ರಕಟಿಸಿದರೆ ಲಾರಿ ದರವನ್ನು ಕೆದಕುವ ಅಗತ್ಯವೇ ಬೀಳದು. ಗುಡಿಸಲಿಗೆ ಕರಾರಿಲ್ಲ ಎಂಬ ಕೊರತೆ ಅದಕ್ಕೂ ಇದೆ. ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಯಾದಗಿರಿಯ ಚೀಟಿಗೆ ಪುಣೆಯ ಅಂಗಡಿಯಲ್ಲಿ ಅಕ್ಕಿ ಕೊಟ್ಟದ್ದು ದಾಖಲಾಗುತ್ತದೆ, ಅದು ಈ ಕೊರತೆಯನ್ನು ಸ್ವಲ್ಪ ತುಂಬಬಲ್ಲದು.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದು ಕೊಲ್ಹಾಪುರ, ಸಾಂಗಲಿ, ಬೆಳಗಾವಿ ಕಡೆ ಕಬ್ಬು ಕಡಿಯುವ ಹಂಗಾಮಿನ ಕೊನೆಯ ಹೊತ್ತು, ದ್ರಾಕ್ಷಿ ಕೊಯ್ಲಿನ ಹೊತ್ತು, ಕಟ್ಟಡ ಕೆಲಸ ಭರದಿಂದ ನಡೆಯುವ ಹೊತ್ತು. ಊರಿನ ಮನೆಗೆ ಬೀಗ ಹಾಕಿ ಬಂದವರು ಆಗ ಕಬ್ಬಿನ ಗದ್ದೆಯ ಅಂಚಿನಲ್ಲಿ, ಕಟ್ಟಡದ ಅಂಗಳದಲ್ಲಿ ಇರುತ್ತಾರೆ. ಗಣತಿದಾರರು ಅವರನ್ನು ಅಲ್ಲಿ ಹುಡುಕಿ ಎಣಿಸಬೇಕು, ಅವರ ಭಾಷೆಯಲ್ಲಿ ಕೇಳಬೇಕು. ನಿಗಡಿ, ವಾಕಡ್, ಜುವಾರಿನಗರದ ಕನ್ನಡ ಸಂಘಗಳಿಗೆ ಈ ಗುಡಿಸಲುಗಳು ಎಲ್ಲಿವೆ ಎಂಬುದು ಗೊತ್ತಿದೆ. ಆ ಪಟ್ಟಿಯನ್ನು ವಾರ್ಡ್ ಕಚೇರಿಗೆ ಮೊದಲೇ ತಲುಪಿಸುವ ಕೆಲಸವನ್ನು ಅವರು ಈಗಲೇ ಕೈಗೆತ್ತಿಕೊಳ್ಳಬಹುದು.